ಗುರುಗುಟ್ಟದ ಕಂಬಳಿ

ಜೂನ್ ೯

ಪುಟ್ಟಿಗೆ,

ಅಣ್ಣನ ಆಶೀರ್ವಾದ. ನಿನ್ನ ಕಂಬಳಿ ಕ್ಷೇಮ. ಬರೀ ಕ್ಷೇಮವಲ್ಲ, ಶಿಸ್ತು! ನೀನು ಆರು ತಿಂಗಳು ಆಸ್ಪತ್ರೆ ಕೆಲಸ ಅಂತ ಬಿಟ್ಟುಹೋದಾಗ ಅದು ಉಣ್ಣೆ ಹೊದ್ದ ರೌಡಿಯಾಗಿತ್ತು. ಬೀದಿಯಲ್ಲಿ ಇನ್ನೊಂದು ನಾಯಿ ಕಂಡರೆ ಸಾಕು, ಮೈಮೇಲಿನ ಕೂದಲೆಲ್ಲ ಸೆಟೆದು, ಹಲ್ಲು ಕಿರಿದು, ಗುರ್ ಎಂದು ಶುರುಮಾಡಿ, ನನ್ನನ್ನು ಚಕ್ರ ಕಳಚಿದ ಗಾಡಿಯ ಹಾಗೆ ಎಳೆದುಕೊಂಡು ಹೋಗುತ್ತಿತ್ತು. ಊರಿಗೆಲ್ಲ ಡ್ರೈವಿಂಗ್ ಕಲಿಸುವವನನ್ನು ಒಂದು ನಾಯಿ ಡ್ರೈವ್ ಮಾಡುವುದೆಂದರೇನು?

ಸಾಕುಪ್ರಾಣಿ ಅಂಗಡಿಯವನು ಉಪಾಯ ಹೇಳಿಕೊಟ್ಟ. ಎಳೆದರೆ ಬಿಗಿಯುವ ಸರಪಳಿ. ನಾಯಿ ಗುರ್ ಅಂದ ತಕ್ಷಣ ಪಕ್ಕಕ್ಕೆ ಒಂದು ಜಗ್ಗು. ಅದಕ್ಕೂ ಬಗ್ಗದಿದ್ದರೆ ಪಕ್ಕೆಗೆ ಮಂಡಿಯಿಂದ ಒಂದು ತಿವಿತ. ಅದಕ್ಕೂ ಬಗ್ಗದಿದ್ದರೆ ಮಗ್ಗುಲಿಗೆ ಕೆಡವಿ, ಕತ್ತಿನ ಮೇಲೆ ಅಂಗೈ ಊರಿ, ಯಜಮಾನ ಯಾರು ಅಂತ ತಿಳಿಸುವುದು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಕಲಿಯುವವರ ಕಾಲು ತಪ್ಪಿದಾಗ ನಾನು ನನ್ನ ಕಡೆಯ ಬ್ರೇಕ್ ಒತ್ತುವುದಿಲ್ಲವೇ, ಅದೇ. ಫಲಿತಾಂಶ ಕೇಳು: ಈಗ ಗುರ್ ಇಲ್ಲ. ಚೂರೂ ಇಲ್ಲ. ಎದುರಿಗೆ ನಾಯಿ ಬಂದರೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತದೆ. ದಂಡಂ ದಶಗುಣಂ ಅಂದವರು ದಡ್ಡರಲ್ಲ.

ನಿನ್ನ ಅಣ್ಣ,
ಈಗ ಎರಡೂ ಜಾತಿಗೆ ಮೇಷ್ಟ್ರು


ಜೂನ್ ೧೬

ಅಣ್ಣನಿಗೆ,

ಆಶೀರ್ವಾದ ವಾಪಸ್ ಕಳಿಸಿದ್ದೇನೆ. ಅದರ ಮೇಲೆ ನಿನ್ನ ಮಂಡಿಯ ಗುರುತಿದೆ.

ಫೋನ್ ಮಾಡಬಹುದಿತ್ತು. ಆದರೆ ಅಮ್ಮ ಬದುಕಿದ್ದಾಗ ಹಾಕಿದ ಕಾನೂನು ನಿನಗೂ ನೆನಪಿದೆ: "ಜಗಳ ಬಾಯಲ್ಲಿ ಬೇಡ, ಕಾಗದದಲ್ಲಿ ಆಡಿ. ಕೈ ನೋಯುತ್ತೆ, ಬೇಗ ಮುಗಿಯುತ್ತೆ." ಪಾಪ, ಇಬ್ಬರಿಗೂ ಗಟ್ಟಿ ಕೈ ಕೊಟ್ಟವಳೂ ಅವಳೇ.

ನೀನು ತಿದ್ದುತ್ತೇನೆ ಅಂತ ಗುದ್ದುತ್ತಿದ್ದೀಯ. ಕಂಬಳಿ ಮರಿಯಾಗಿದ್ದಾಗ ಮೂರು ನಾಯಿಗಳು ಸೇರಿ ಅವನನ್ನು ಚರಂಡಿಯಲ್ಲಿ ಹರಿದುಹಾಕಲು ನೋಡಿದ್ದವು. ಅಲ್ಲಿಂದ ಎತ್ತಿಕೊಂಡು ಬಂದವಳು ನಾನು. ಅವನು ಗುರ್ ಅನ್ನುವುದು ರೌಡಿತನಕ್ಕಲ್ಲ, ಪುಕ್ಕಲುತನಕ್ಕೆ. "ದೂರ ಇರಪ್ಪಾ, ನನಗೆ ಭಯ" ಅನ್ನುವುದಕ್ಕೆ ಅವನ ಹತ್ತಿರ ಇರುವುದು ಅದೊಂದೇ ಮಾತು. ನಾನಿಲ್ಲಿ ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ ಒಂದೊಂದೇ ಮಾತು ವಾಪಸ್ ಕಲಿಸುತ್ತಾ ಕೂತಿದ್ದೇನೆ. ನೀನಲ್ಲಿ ಮಾತಾಡುವವನ ಕತ್ತು ಬಿಗಿದು ಮೂಕನನ್ನಾಗಿ ಮಾಡಿ, ಅದಕ್ಕೆ ಫಲಿತಾಂಶ ಅಂತ ಹೆಸರಿಟ್ಟಿದ್ದೀಯ! ಗುರುವಾಗಲು ಹೋಗಿ ಅವನ ಗುರ್ ಕಸಿದೆ.

ನಿನ್ನ ಭಾಷೆಯಲ್ಲೇ ಕೇಳುತ್ತೇನೆ. ಹಾರ್ನ್ ಕಿತ್ತ ಕಾರನ್ನು ರಸ್ತೆಗೆ ಬಿಡುತ್ತೀಯಾ? ಭಯ ಹೋಗಿಲ್ಲ ಅಣ್ಣ, ಎಚ್ಚರಿಕೆ ಹೋಗಿದೆ. ನಾಳೆ ಅವನು ಹೇಳದೆ ಕೇಳದೆ ಕಚ್ಚುತ್ತಾನೆ.

ಸರಪಳಿ ತೆಗೆ. ಅಗಲದ ಎದೆಪಟ್ಟಿ ಹಾಕು, ಬಾಗಿಲ ಹಿಂದೆ ನೇತುಹಾಕಿದ್ದೇನೆ. ದೂರದಲ್ಲಿ ನಾಯಿ ಕಂಡರೆ ರಸ್ತೆ ದಾಟು, ಬಾಯಿಗೊಂದು ಮಾಂಸದ ಚೂರು ಕೊಡು. ನಾಯಿ ಕಂಡರೆ ಒಳ್ಳೆಯದಾಗುತ್ತದೆ ಅಂತ ಅವನಿಗೆ ಅನ್ನಿಸಬೇಕು. ಇದಕ್ಕೆ ತಾಳ್ಮೆ ಬೇಕು. ಅಂಗಡಿಯಲ್ಲಿ ಸಿಗುವುದಿಲ್ಲ.

ಪುಟ್ಟಿ


ಜೂನ್ ೨೪

ಪುಟ್ಟಿಗೆ,

ಪತ್ರ ಓದಿದೆ. ನಿನ್ನ ಅತ್ತಿಗೆಯೂ ಓದಿದಳು, ಓದಿ ನಕ್ಕಳು. ಗಾಯಕ್ಕೆ ಉಪ್ಪು.

ಉಪದೇಶ ಮಾಡುವವರ ಕೈಯಲ್ಲಿ ಹಗ್ಗ ಇರುವುದಿಲ್ಲ. ಸರಪಳಿ ಹಾಕುವ ಮೊದಲು ಒಂದು ದಿನ ನಿನ್ನ ಪುಕ್ಕಲ ಮಹಾಶಯ ಹಾರಿದ ರಭಸಕ್ಕೆ ಮೂಲೆಮನೆಯ ಅಜ್ಜಿ ತಮ್ಮ ಅಂಗೈಯಗಲದ ನಾಯಿಯನ್ನು ಎತ್ತಿಕೊಳ್ಳಲು ಹೋಗಿ ಕಲ್ಲಿನ ಮೇಲೆ ಬಿದ್ದರು. ಮಂಡಿಗೆ ಹೊಲಿಗೆ. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು, ಬೈಸಿಕೊಂಡವನು ನಾನು, ಅವರ ಮಗನ ಕೈಗೆ ಸಿಕ್ಕು ಅಂಗಿಯ ಗುಂಡಿ ಕಳೆದುಕೊಂಡವನು ನಾನು. ಆಗ ನೀನು ಎಲ್ಲಿದ್ದೆ? ಯಾರಿಗೋ "ಆ, ಆ" ಅನ್ನಿಸುತ್ತಿದ್ದೆ. ಇದನ್ನು ನಿನಗೆ ಬರೆಯಲಿಲ್ಲ, ಯಾಕೆಂದರೆ ನೀನು ನೊಂದುಕೊಳ್ಳುತ್ತೀಯ ಅಂತ. ಈಗ ಬರೆಯುತ್ತಿದ್ದೇನೆ, ಅದೇ ಕಾರಣಕ್ಕೆ.

ಪ್ರತಿ ನಾಯಿಗೂ ರಸ್ತೆ ದಾಟಬೇಕಂತೆ! ನಮ್ಮ ಬೀದಿಯಲ್ಲಿ ಹಾಗೆ ದಾಟಿದರೆ ನಾನು ನಡೆಯುತ್ತಿದ್ದೇನೋ ನೇಯುತ್ತಿದ್ದೇನೋ ಗೊತ್ತಾಗುವುದಿಲ್ಲ. ಕಂಬಳಿ ನೇಯಲು ನಾನು ನೇಕಾರನಲ್ಲ. ಇಷ್ಟು ವರ್ಷ ನನ್ನ ಕಾಲ ಕೆಳಗೊಂದು ಬ್ರೇಕ್ ಇಟ್ಟುಕೊಂಡು ಊರಿನ ಅರ್ಧ ಜನರಿಗೆ ಕಲಿಸಿದ್ದೇನೆ, ಒಬ್ಬರೂ ಸತ್ತಿಲ್ಲ. ಹೊತ್ತಿಗೆ ಸರಿಯಾಗಿ ಬ್ರೇಕ್ ಹಾಕುವುದನ್ನು ನನಗೆ ಕಲಿಸಬೇಡ.

ಅಣ್ಣ


ಜುಲೈ ೨೦

ಪುಟ್ಟಿಗೆ,

ನೀನು ಉತ್ತರ ಬರೆಯಲಿಲ್ಲ. ಆದರೂ ಬರೆಯುತ್ತಿದ್ದೇನೆ, ಬರೆಯಬೇಕಾಗಿ ಬಂದಿದೆ.

ನಾಯಿಗಳ ವಿಷಯದಲ್ಲಿ ಅದು ಈಗಲೂ ಗಪ್‌ಚಿಪ್. ಆದರೆ ಹೊಸ ಹುಚ್ಚು ಶುರುವಾಗಿದೆ. ಕಾರುಗಳ ಮೇಲೆ ಎಗರುತ್ತಿದೆ. ಎಲ್ಲ ಕಾರುಗಳ ಮೇಲಲ್ಲ. ಲಾರಿ ಹೋದರೂ ಸುಮ್ಮನಿರುತ್ತದೆ, ಆಂಬುಲೆನ್ಸ್ ಕಿರುಚಿಕೊಂಡು ಹೋದರೂ ಆಕಳಿಸುತ್ತದೆ. ಕೆಂಪು ಅಕ್ಷರದ ಎಲ್ ಬೋರ್ಡ್ ಹಾಕಿದ ಕಾರು ಬಂದರೆ ಮಾತ್ರ ಸದ್ದಿಲ್ಲದೆ ನೆಗೆಯುತ್ತದೆ. ಊರಿನಲ್ಲಿ ಎಲ್ ಬೋರ್ಡಿನ ಕಾರುಗಳಲ್ಲಿ ಹೆಚ್ಚಿನವು ಯಾರವು? ನನ್ನವು! ನಿನ್ನೆ ಡ್ರೈವಿಂಗ್ ಶಾಲೆಯ ಮುಂದೆ ನಿಂತಿದ್ದ ನನ್ನ ಕಾರಿನ ಬಾಗಿಲಿಗೇ ಉಗುರಿನಿಂದ ಗೀರಿತು. ಒಳಗೆ ಕೂತಿದ್ದ ಹೊಸ ವಿದ್ಯಾರ್ಥಿನಿ, ಬ್ಯಾಂಕಿನ ಕ್ಯಾಷಿಯರಮ್ಮ, ಗಾಬರಿಗೆ ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದು. ಓದು ಬಂದು ಬೋರ್ಡ್ ಗುರುತಿಸುತ್ತದೆಯೇ, ಅಥವಾ ನನ್ನ ಮೇಲೆ ಹಗೆಯೇ?

ಸರಪಳಿ ಇನ್ನೊಂದು ಸುತ್ತು ಬಿಗಿ ಮಾಡಿದ್ದೇನೆ.

ಅಣ್ಣ


ಜುಲೈ ೨೮

ಅಣ್ಣನಿಗೆ,

ಕಂಬಳಿಯಲ್ಲಿ ಊಟಕ್ಕೆ ಕೂತು ಕೂದಲು ಎಣಿಸುವುದು ನಿನ್ನ ಹಳೇ ಚಾಳಿ. ಹಗೆಯಂತೆ! ನಾಯಿಗೆ ಹಗೆ ಸಾಧಿಸುವಷ್ಟು ಬಿಡುವಿಲ್ಲ, ಅದು ಮನುಷ್ಯರ ಹವ್ಯಾಸ.

"ಇನ್ನೊಂದು ಸುತ್ತು ಬಿಗಿ" ಅನ್ನುವ ಸಾಲನ್ನು ಓದಿ ನಾನು ಪತ್ರವನ್ನು ಹರಿದೆ. ಆಮೇಲೆ ಅಂಟಿಸಿ ಮತ್ತೆ ಓದಿದೆ, ಮತ್ತೆ ಹರಿಯಬೇಕು ಅನ್ನಿಸಿತು.

ತೊದಲುವ ಮಗುವನ್ನು ಕರೆದುಕೊಂಡು ಬಂದರೆ ನಾವು ಮೊದಲು ಮಗುವನ್ನು ನೋಡುವುದಿಲ್ಲ, ಪಕ್ಕದಲ್ಲಿ ಕೂತ ದೊಡ್ಡವರನ್ನು ನೋಡುತ್ತೇವೆ. ಮಗು ಬಾಯಿ ತೆರೆಯುವ ಮೊದಲೇ ಅವರ ಹುಬ್ಬು ಗಂಟಿಕ್ಕಿರುತ್ತದೆ. ಆದ್ದರಿಂದ ಅತ್ತಿಗೆ, ನೀವು ಇದನ್ನೂ ಓದುತ್ತೀರಿ ಅಂತ ಗೊತ್ತು, ಒಂದು ಉಪಕಾರ ಮಾಡಿ. ಒಂದು ವಾರ ಇವರಿಬ್ಬರ ಹಿಂದೆ ನಡೆಯಿರಿ. ನಾಯಿಯನ್ನು ನೋಡಬೇಡಿ. ನಿಮ್ಮ ಯಜಮಾನರನ್ನು ನೋಡಿ.

ಪುಟ್ಟಿ


ಆಗಸ್ಟ್ ೬

ಪ್ರೀತಿಯ ಪುಟ್ಟಿ,

ಮದುವೆಯಾದ ಮೇಲೆ ನಿನ್ನ ಅಣ್ಣನನ್ನು ಇಷ್ಟು ಗಮನವಿಟ್ಟು ನೋಡಿದ್ದು ಇದೇ ಮೊದಲು. ನೋಡಿ ನಗು ಬಂತು, ಆಮೇಲೆ ಮೈ ಉರಿಯಿತು.

ಮೊದಲ ದಿನ ಕಂಬಳಿ ಪಾಡಿಗೆ ಕಂಬಳಿ ವಿದ್ಯುತ್ ಕಂಬ ಮೂಸುತ್ತಿದ್ದ. ಮುಂದಿನ ತಿರುವಿನಲ್ಲಿ ಎಲ್ ಬೋರ್ಡ್ ಕಾರೊಂದು ಬಂತು. ಕಂಬಳಿ ಅದನ್ನು ನೋಡೇ ಇಲ್ಲ. ನೋಡಿದವರು ನಿನ್ನ ಅಣ್ಣ. ನೋಡಿದ್ದೇ ತಡ, ಅವರ ಕಾಲು ರಸ್ತೆಗೆ ಧಡ್ ಅಂತ ಬಿತ್ತು! ಬ್ರೇಕ್! ಜೊತೆಗೆ ಇಡೀ ಮೈ ಹಿಂದಕ್ಕೆ ವಾಲಿತು, ಸರಪಳಿ ಹಿಡಿದ ಕೈಯೂ ಹಿಂದಕ್ಕೆ ಹೋಯಿತು. ಆ ಪ್ರಾಣಿ ಕುಯ್ ಅಂತು. ಯಾಕೆ ಅಂತ ತಲೆ ಎತ್ತಿ ನೋಡಿದರೆ ಎದುರಿಗೆ ಕೆಂಪು ಬೋರ್ಡು. ವಾರವೆಲ್ಲ ಇದೇ ಕಥೆ. ಬೇರೆ ಕಾರಿಗೆ ಕಾಲು ಅಲ್ಲಾಡುವುದಿಲ್ಲ, ಎಲ್ ಬೋರ್ಡಿಗೆ ಮಾತ್ರ. ಅವರಿಗೇ ಗೊತ್ತಿಲ್ಲ! ನಿನ್ನ ಅಣ್ಣ ರಸ್ತೆಗೇ ಬ್ರೇಕ್ ಹಾಕುತ್ತಾರೆ, ಅದು ಹತ್ತುವುದು ನಾಯಿಯ ಕುತ್ತಿಗೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮನೆಗೆ ಬಂದು ಹೇಳಿದೆ.

"ರೀ, ಕಂಬಳಿಗೆ ನಿಮ್ಮ ಕಾರಿನ ಮೇಲೆ ಸಿಟ್ಟಿಲ್ಲ. ಆ ಬೋರ್ಡ್ ಕಂಡಾಗೆಲ್ಲ ಕತ್ತು ಹಿಸುಕ್ತಾರೆ ಅಂತ ತಿಳ್ಕೊಂಡಿದಾನೆ. ಹಿಸುಕ್ತಿರೋದು ನೀವು."

"ನನ್ನ ಕಾಲು ನನ್ನ ಹತೋಟಿಯಲ್ಲಿದೆ ಕಣೇ."

"ಇದ್ದಿದ್ರೆ ಚಪ್ಪಲಿ ಹಿಮ್ಮಡಿ ಯಾಕೆ ಒಂದೇ ಕಡೆ ಸವೆದಿದೆ?"

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಅನ್ನ ಬೇಕಾದರೆ ತಟ್ಟೆಗೆ ಹೇಳುತ್ತಾರೆ.

ನಿನ್ನ ಅತ್ತಿಗೆ


ಆಗಸ್ಟ್ ೧೦

ಪುಟ್ಟಿಗೆ,

ಅವಳು ಬರೆದದ್ದನ್ನು ನಂಬಬೇಡ. ನಾನು ಚಪ್ಪಲಿ ಬದಲಿಸಿದ್ದೇನೆ.

ಅಣ್ಣ


ಸೆಪ್ಟೆಂಬರ್ ೨

ಪುಟ್ಟಿಗೆ,

ಸುತ್ತಿ ಬಳಸಿ ಬರೆಯುವುದಿಲ್ಲ. ಕಂಬಳಿ ಕಚ್ಚಿತು.

ನಾಯಿಯನ್ನು ಸುತ್ತಾಡಿಸಿ ಡ್ರೈವಿಂಗ್ ಶಾಲೆಯ ಮುಂದೆ ಬಂದಿದ್ದೆ. ಕ್ಯಾಷಿಯರಮ್ಮ ಪಾಠಕ್ಕೆ ಬೇಗ ಬಂದವರು, ಕಾರಿನ ಹಿಂದೆ ಅಂಟಿಸಲು ಎಲ್ ಬೋರ್ಡನ್ನು ಕೈಯಲ್ಲಿ ಹಿಡಿದು ನನ್ನ ಕಡೆಗೇ ನಡೆದು ಬಂದರು. ನಮಸ್ಕಾರ ಮೇಷ್ಟ್ರೇ ಅಂದರು. ಅಷ್ಟರಲ್ಲಿ ಮಣಿಕಟ್ಟು ಅದರ ಬಾಯಲ್ಲಿತ್ತು. ಬೊಗಳಲಿಲ್ಲ, ಗುರ್ ಅನ್ನಲಿಲ್ಲ, ಕಿವಿಯೂ ನಿಮಿರಲಿಲ್ಲ. ಒಂದು ಸೂಚನೆಯಾದರೂ ಕೊಡಬೇಡವೇ? ಹೊಲಿಗೆ ಬಿದ್ದಿದೆ. ನೋಟು ಎಣಿಸುವ ಕೈ.

ಶನಿವಾರ ಬೀದಿಯ ಸಂಘದ ಸಭೆ. ಮುನ್ಸೂಚನೆ ಇಲ್ಲದೆ ಕಚ್ಚುವ ನಾಯಿಯನ್ನು ಇಟ್ಟುಕೊಳ್ಳುವಂತಿಲ್ಲ, ವೈದ್ಯರ ಕೈಲಿ ಸೂಜಿ ಹಾಕಿಸಿ ಶಾಶ್ವತವಾಗಿ ಮಲಗಿಸಬೇಕು ಅಂತ ಮಾತು ಎದ್ದಿದೆ. ನೀನು ಹೇಗೆ ಸಾಕಿದ್ದೀಯೋ ಹಾಗೆ ಬೆಳೆದಿದೆ. ನಾಯಿ ಬಾಲ ಡೊಂಕು. ನಾನು ಏನು ಮಾಡಲಿ?

ಅಣ್ಣ


ಸೆಪ್ಟೆಂಬರ್ ೪

ಅಣ್ಣ,

ಬಾಲ ಡೊಂಕಿದ್ದದ್ದು ನಿಜ, ಅದು ಅವನ ಹುಟ್ಟು. ಕತ್ತು ಡೊಂಕು ಮಾಡಿದ್ದು ನೀನು.

ಸೂಚನೆ ಕೊಡಬೇಡವೇ ಅಂತ ನನ್ನನ್ನು ಕೇಳುತ್ತೀಯಾ? ಕೊಡುತ್ತಿದ್ದ! ಪ್ರತಿ ಸಲ ಕೊಡುತ್ತಿದ್ದ! ಒಂದೊಂದು ಗುರ್‌ಗೂ ಒಂದೊಂದು ಜಗ್ಗು ಕೊಟ್ಟು, ಪಕ್ಕೆಗೆ ತಿವಿದು, ನೆಲಕ್ಕೆ ಕೆಡವಿ, ಬಾಯಿ ಮುಚ್ಚಿಸಿ, ಜೂನ್‌ನಲ್ಲಿ ನನಗೆ ಬರೆದು ಜಂಬ ಕೊಚ್ಚಿಕೊಂಡವನು ಯಾರು? ಆ ಪತ್ರ ನನ್ನ ಮುಂದೆಯೇ ಇದೆ. ಅದರ ಅಕ್ಷರ ಎಷ್ಟು ಚಂದ ಇದೆ ಅಂದರೆ ಉಗಿಯಬೇಕು ಅನ್ನಿಸುತ್ತದೆ.

ಭಾನುವಾರಕ್ಕೆ ಮೊದಲು ನನಗೆ ರಜೆ ಇಲ್ಲ. ಬೇಡಿದೆ, ಜಗಳವಾಡಿದೆ, ಸಿಗಲಿಲ್ಲ. ಆದ್ದರಿಂದ ಶನಿವಾರ ಅವನ ಪ್ರಾಣ ಇರುವುದು ನಿನ್ನ ನಾಲಗೆಯ ಮೇಲೆ. ಎದ್ದು ನಿಂತು ಹೇಳು: ಬೋರ್ಡ್ ಕಂಡಾಗ ಜಗ್ಗಿದ್ದು ನನ್ನ ಕೈ, ಎಚ್ಚರಿಕೆ ಕಿತ್ತುಕೊಂಡಿದ್ದು ನನ್ನ ಪಾಠ, ನಾಯಿಯನ್ನು ನಾಳೆ ತಂಗಿ ಕರೆದುಕೊಂಡು ಹೋಗುತ್ತಾಳೆ. ಮೂರು ವಾಕ್ಯ. ಇಷ್ಟು ಹೇಳಲು ನಿನ್ನ ಬಾಯಿಗೂ ಯಾರಾದರೂ ಮಂಡಿಯಿಂದ ತಿವಿಯಬೇಕಾ?

ಪುಟ್ಟಿ


ಸೆಪ್ಟೆಂಬರ್ ೧೪

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಗೇಟಿನ ಆಚೆಯೇ ನಿಂತು ಕಂಬಳಿಯನ್ನು ಕರೆದುಕೊಂಡು ಹೋದೆ. ನೀರು ಕುಡಿ ಅಂದರೂ ಒಳಗೆ ಬರಲಿಲ್ಲ. ನಿನ್ನ ಅಣ್ಣ ಕಿಟಕಿಯ ಪರದೆ ಹಿಂದೆ ನಿಂತಿದ್ದರು, ನಿನಗೆ ಕಾಣಿಸಿರಬೇಕು. ಒಳಗೆ ಬಂದಿದ್ದರೆ ಸಭೆಯ ವಿಷಯ ಹೇಳುತ್ತಿದ್ದೆ. ಇರಲಿ, ಬರೆಯುತ್ತೇನೆ.

ಸಭೆ ನಡೆದದ್ದು ನಮ್ಮ ಶಾಲೆಯ ಹಾಲಿನಲ್ಲೇ, ಗೋಡೆಗೆಲ್ಲ ರಸ್ತೆ ಚಿಹ್ನೆಗಳ ಪಟ. ಅಧ್ಯಕ್ಷರು ಕೂತಿದ್ದು "ಹಾರ್ನ್ ಮಾಡಿ" ಅನ್ನುವ ಪಟದ ಕೆಳಗೆ. ಎಲ್ಲರೂ ಒಟ್ಟಿಗೇ ಮಾತಾಡಿದರು. ಮೂಲೆಮನೆ ಅಜ್ಜಿಯ ಮಗ ನಾಯಿಯ ಜೊತೆ ಮೇಷ್ಟ್ರಿಗೂ ಒಂದು ಸೂಜಿ ಹಾಕಿಸಿ ಅಂದ. ಕೊನೆಗೆ ಅಧ್ಯಕ್ಷರು ಮೇಜು ಕುಟ್ಟಿ ಕೇಳಿದರು:

"ಮೇಷ್ಟ್ರೇ, ಒಂದೇ ಪ್ರಶ್ನೆ. ಕಚ್ಚೋಕೆ ಮುಂಚೆ ನಾಯಿ ಗುರುಗುಟ್ಟಿತೋ ಇಲ್ಲವೋ?"

"ಇಲ್ಲ."

"ಯಾವತ್ತೂ ಹಾಗೇನಾ?"

ನಿನ್ನ ಪತ್ರ ಅವರ ಜೇಬಿನಲ್ಲೇ ಇತ್ತು ಪುಟ್ಟಿ. ನಾನೇ ಇಟ್ಟಿದ್ದೆ. ಅವರು ಎದ್ದು ನಿಂತರು. ಹಾಲಿನ ತುಂಬ ಅವರ ಹತ್ತಿರ ಕಲಿತವರು, ಕಲಿಯುತ್ತಿರುವವರು. ಅವರನ್ನೆಲ್ಲ ಒಮ್ಮೆ ನೋಡಿದರು. "ನಾಯಿ ಅಂದ ಮೇಲೆ ಹೇಗೆ ಹೇಳೋದು" ಅಂದು ಕೂತುಬಿಟ್ಟರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಕ್ಯಾಷಿಯರಮ್ಮ ಎದ್ದರು, ಕೈಗೆ ಬ್ಯಾಂಡೇಜು.

"ಕಚ್ಚಿಸಿಕೊಂಡವಳು ನಾನು, ನನ್ನನ್ನೂ ಒಂದು ಮಾತು ಕೇಳ್ತೀರಾ? ನನ್ನ ಮೇಲೆ ಮೊದಲು ಹಾರಿದ್ದು ನಾಯಿ ಅಲ್ಲ."

"ಮತ್ತೆ?"

"ಮೇಷ್ಟ್ರ ಕಾಲು. ನನ್ನ ಕೈಯಲ್ಲಿ ಬೋರ್ಡ್ ಕಾಣಿಸಿದ್ದೇ ಬ್ರೇಕ್ ಒತ್ತಿದ್ರು, ನೆಲದ ಮೇಲೆ. ಸರಪಳಿ ಬಿಗೀತು, ನಾಯಿ ಕಣ್ಣು ಹೊರಗೆ ಬಂತು, ಆಮೇಲೆ ನನ್ನ ಕೈ ಹೋಯ್ತು. ಆ ಕಾಲು ನಂಗೆ ಚೆನ್ನಾಗಿ ಗೊತ್ತು ಸ್ವಾಮಿ. ದಿನಾ ಅದರ ಪಕ್ಕದಲ್ಲೇ ಕೂತ್ಕೊಳ್ತೀನಲ್ಲ. ನಾನು ತಪ್ಪು ಮಾಡೋಕೆ ಮುಂಚೆನೇ ಒತ್ತಿರ್ತಾರೆ. ಅದಕ್ಕೇ ಇಷ್ಟು ವಾರ ಆದ್ರೂ ನಂಗೆ ಒಬ್ಬಳೇ ಗಾಡಿ ಓಡಿಸೋ ಧೈರ್ಯ ಬಂದಿಲ್ಲ. ನಂಗೂ ಎಷ್ಟೋ ಸಲ ಕಚ್ಚಬೇಕು ಅನ್ಸಿದೆ. ಕಲಿತವಳು ಅಂತ ಸುಮ್ಮನಿದ್ದೆ."

ಯಾರೋ ನಕ್ಕರು. ಇನ್ನೊಬ್ಬಳು ವಿದ್ಯಾರ್ಥಿನಿ "ಹೌದು, ನಂಗೂ" ಅಂದಳು. ಮತ್ತೆ ಯಾರೂ ನಗಲಿಲ್ಲ. ನಾನು ಎದ್ದು ವಾರವಿಡೀ ಕಂಡದ್ದನ್ನು ಹೇಳಿದೆ, ಮರುದಿನ ನೀನು ಬರುವುದನ್ನೂ ಹೇಳಿದೆ. ನಾಯಿ ಬೀದಿ ಬಿಟ್ಟು ಹೋದರೆ ಸಾಕು, ಪ್ರಾಣ ತೆಗೆಯುವುದು ಬೇಡ ಅಂತಾಯಿತು.

ಸರಪಳಿ ಬಿಚ್ಚಿದ್ದು ನಾನೇ. ಕತ್ತಿನ ಸುತ್ತ ಕೂದಲು ಉದುರಿತ್ತು. ನೀನೂ ನೋಡಿರುತ್ತೀಯ. ಅದಕ್ಕೇ ಒಳಗೆ ಬರಲಿಲ್ಲ ಅಂತ ನನಗೆ ಗೊತ್ತು.

ನಿನ್ನ ಅತ್ತಿಗೆ


ಅಕ್ಟೋಬರ್ ೨೦

ಪುಟ್ಟಿಗೆ,

ನೀನು ಹಾಸ್ಟೆಲ್ ಬಿಟ್ಟು ಸೈಕಲ್ ರಿಪೇರಿ ಅಂಗಡಿಯ ಹಿಂದೆ ಕೋಣೆ ಹಿಡಿದಿರುವುದು ನಿನ್ನ ಅತ್ತಿಗೆಯಿಂದ ತಿಳಿಯಿತು. ನನಗೆ ತಿಳಿಸುವ ಅಗತ್ಯ ನಿನಗೆ ಕಾಣಲಿಲ್ಲ. ಒಳ್ಳೆಯದು.

ನನಗೂ ಕೋಪವಿದೆ. ಗೇಟಿನಲ್ಲಿ ನಿಂತು ನಾಯಿಯ ಹೆಸರು ಕರೆದೆ, ನನ್ನನ್ನು ಕರೆಯಲಿಲ್ಲ. ಊರಿನ ಮುಂದೆ ಒಂದು ಕೈಮುರಿದ ಹೆಂಗಸಿನಿಂದ ಪಾಠ ಹೇಳಿಸಿಕೊಂಡು ಬಂದವನ ಮನೆಗೆ, ಮಾರನೇ ದಿನ, ಒಂದು ಮಾತೂ ಆಡದೆ! ಅವರ ಕೈ ಮುರಿದಿರಲಿಲ್ಲ ಅಂತ ತಿದ್ದಬೇಡ. ಗೊತ್ತು.

ಕ್ಯಾಷಿಯರಮ್ಮನ ಪಾಠ ಮುಂದುವರಿದಿದೆ. ಒಂದೇ ಷರತ್ತು ಹಾಕಿದರು: ನಾನು ಹಿಂದಿನ ಸೀಟಿನಲ್ಲಿ ಕೂರಬೇಕು. ಮುಂದೆ ಬೇರೆ ಮೇಷ್ಟ್ರು. ಹಿಂದೆ ಬ್ರೇಕ್ ಇಲ್ಲ. ಆದರೂ ತಿರುವು ಬಂದಾಗಲೆಲ್ಲ ಸೀಟಿನ ಕೆಳಗೆ ಧಡ್ ಧಡ್ ಅಂತ ಸದ್ದು. ಅವರು ಕನ್ನಡಿಯಲ್ಲಿ ನೋಡಿ "ಮೇಷ್ಟ್ರೇ, ಕಾಲು" ಅನ್ನುತ್ತಾರೆ. ಈಗ ದಾರಿಯಲ್ಲಿ ನಡೆಯುವಾಗ ಕಾಲನ್ನೇ ನೋಡಿಕೊಂಡು ನಡೆದು, ಮೊನ್ನೆ ಕಂಬಕ್ಕೆ ಹಣೆ ಗುದ್ದಿದೆ. ನಗು.

ಸಭೆಯಲ್ಲಿ ನಾನು ಎದ್ದು ನಿಂತಿದ್ದೆ. ಅತ್ತಿಗೆ ಅದನ್ನು ಬರೆದಿದ್ದಾಳೋ ಇಲ್ಲವೋ. ಎದ್ದು ನಿಂತಿದ್ದೆ.

ಅವನನ್ನು ನೋಡಲು ಬರಬಹುದೇ?

ಅಣ್ಣ


ನವೆಂಬರ್ ೧

ಅಣ್ಣನಿಗೆ,

ಎದ್ದು ನಿಂತದ್ದನ್ನು ಬರೆದಿದ್ದಾರೆ. ಕೂತದ್ದನ್ನೂ ಬರೆದಿದ್ದಾರೆ. ಇಡೀ ಹಾಲಿನಲ್ಲಿ ಅವನ ಪರವಾಗಿ ಮಾತಾಡಲು ಅವನು ಕಚ್ಚಿದವರೇ ಬೇಕಾಯಿತು.

ಕತ್ತಿನ ಕೂದಲು ಅಲ್ಲಲ್ಲಿ ಬರುತ್ತಿದೆ. ಬಂದ ಹೊಸತರಲ್ಲಿ ಅವನು ಯಾವುದಕ್ಕೂ ಸದ್ದು ಮಾಡುತ್ತಿರಲಿಲ್ಲ. ಬಾಯಿಗೆ ಜಾಳಿಗೆ ಹಾಕಿಯೇ ಹೊರಗೆ ಕರೆದುಕೊಂಡು ಹೋಗುತ್ತೇನೆ, ಯಾಕೆಂದರೆ ಅವನ ಮನಸ್ಸಿನಲ್ಲಿ ಏನಿದೆ ಅಂತ ನನಗೇ ತಿಳಿಯುವುದಿಲ್ಲ. ನನಗೆ! ನನ್ನ ಕೈಯಲ್ಲಿ ಹಾಲು ಕುಡಿದವನು! ಹೋದ ವಾರ ಎದುರು ಬದಿಯಲ್ಲಿ ಒಂದು ಕರಿ ನಾಯಿ ಬಂತು. ಕಂಬಳಿ ನಿಂತ. ಮೊದಲು ನನ್ನ ಕೈಯನ್ನು ನೋಡಿದ, ಏನು ಬೀಳುತ್ತದೋ ಅಂತ. ಏನೂ ಬೀಳಲಿಲ್ಲ. ಆಮೇಲೆ ಗಂಟಲೊಳಗೆ, ಹಳೇ ಬಾಗಿಲು ತೆರೆದ ಹಾಗೆ, ಗುರ್ ಅಂದ. ನಾನು ರಸ್ತೆ ಮಧ್ಯೆ ನಿಂತು ಶಾಭಾಷ್ ಅಂದೆ. ಕರಿ ನಾಯಿಯ ಯಜಮಾನರು ನನ್ನನ್ನು ನೋಡಿ ತಮ್ಮ ನಾಯಿಯನ್ನು ಎತ್ತಿಕೊಂಡು ಹೋದರು.

ಬರಬಹುದು. ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ, ಬರಬಹುದು ಅಂದೆ ಅಷ್ಟೇ. ಒಳಗೆ ನುಗ್ಗಬೇಡ. ಸೈಕಲ್ ಅಂಗಡಿಯ ಎದುರು, ರಸ್ತೆಯ ಆಚೆ ಬದಿಯಲ್ಲಿ ನಿಂತಿರು. ನಾವು ಬಾಗಿಲಿಗೆ ಬರುತ್ತೇವೆ. ಹೆಸರು ಹಿಡಿದು ಕರೆಯಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಕೈ ಮುಂದೆ ಚಾಚಬೇಡ. ನಾನು ಅವನಿಗೆ ಮಾಂಸದ ಚೂರು ಕೊಡುತ್ತಿರುತ್ತೇನೆ, ನಿನಗೆ ಕೊಡುವುದಿಲ್ಲ. ಹತ್ತಿರ ಬರುವುದು ಯಾವಾಗ ಅಂತ ಅವನು ಹೇಳುತ್ತಾನೆ. ಈ ಸಲ ಹೇಳದಿದ್ದರೆ ವಾಪಸ್ ಹೋಗಿ ಇನ್ನೊಂದು ಭಾನುವಾರ ಬಾ.

ಅವನು ಗುರ್ ಅಂದರೆ ಎರಡು ಹೆಜ್ಜೆ ಹಿಂದಕ್ಕೆ ಹೋಗು.

ನಾನು ಗುರ್ ಅಂದರೆ ಬಸ್ ಹತ್ತು.

ಪುಟ್ಟಿ